ಸ್ಟ್ಯಾಟಿಕ್ ಐಪಿ ಕೊಟ್ಟ ನೆಟ್ ಕಂಪನಿಗೆ ಜವಾಬ್ದಾರಿ ಇಲ್ವಾ? ಮಂಡಿಯ ಟ್ಯಾಲಿ ಪೂರ್ತಿ ಲಾಕ್ ಆಗಿದೆ

ಮಂಡಿ_ತಿಪಟೂರು:

ಎಲ್ಲರಿಗೂ ನಮಸ್ಕಾರ. ನಮ್ದು ಕೊಬ್ಬರಿ ಮಂಡಿ, ಅಪ್ಪನ ಕಾಲದಿಂದ ನಡೀತಿರೋದು. ಆಫೀಸಲ್ಲಿ ನಾಲ್ಕು ಕಂಪ್ಯೂಟರ್, ಒಂದರಲ್ಲಿ ಟ್ಯಾಲಿ. ಶುಕ್ರವಾರ ಬೆಳಿಗ್ಗೆ ಬಾಗಿಲು ತೆಗೆದು ಸಿಸ್ಟಮ್ ಆನ್ ಮಾಡಿದ್ರೆ ಟ್ಯಾಲಿ ತೆರೀಲೇ ಇಲ್ಲ. ಡೇಟಾ ಫೋಲ್ಡರ್ ನೋಡಿದ್ರೆ ಒಂದೊಂದು ಫೈಲಿನ ಹೆಸರಿಗೂ ಅರ್ಥವಿಲ್ಲದ ಅಕ್ಷರಗಳ ಬಾಲ. ಡೆಸ್ಕ್‌ಟಾಪ್ ಮೇಲೆ ಒಂದು ನೋಟ್‌ಪ್ಯಾಡ್ ಫೈಲ್, ಬಿಟ್‌ಕಾಯಿನಲ್ಲಿ ದುಡ್ಡು ಕಳಿಸಿದ್ರೆ ಬಿಡಿಸಿಕೊಡ್ತೀವಿ ಅಂತ. ರೈತರ ಪಟ್ಟಿ, ಯಾರಿಗೆ ಎಷ್ಟು ಬಾಕಿ, ಯಾರಿಗೆ ಎಷ್ಟು ಮುಂಗಡ ಕೊಟ್ಟಿದ್ದೀವಿ, ಎಲ್ಲಾ ಅದರೊಳಗೇ ಇದೆ. ಮಾರನೇ ದಿನ ಇಬ್ಬರು ರೈತರು ದುಡ್ಡಿಗೆ ಬಂದು ಕೂತಿದ್ರು. ನನ್ನ ಹತ್ರ ತೋರಿಸೋಕೆ ಲೆಕ್ಕವೇ ಇಲ್ಲ.

ಹೇಗಾಯ್ತು ಅಂದ್ರೆ, ಹೋದ ವರ್ಷ ನಮ್ಮ ಆಡಿಟರ್ ತುಮಕೂರಿಂದಲೇ ಟ್ಯಾಲಿ ನೋಡಬೇಕು ಅಂದ್ರು. ನೆಟ್ ಕಂಪನಿಗೆ ಕೇಳಿದೆ, ಸ್ಟ್ಯಾಟಿಕ್ ಐಪಿ, ಅಂದ್ರೆ ಬದಲಾಗದ ಒಂದು ಇಂಟರ್ನೆಟ್ ವಿಳಾಸ, ತಗೊಳ್ಳಿ ಅಂದ್ರು, ವರ್ಷದ ದುಡ್ಡು ಕಟ್ಟಿದೆ. ಅವರ ಹುಡುಗ ಬಂದು ರೂಟರ್ ಒಳಗೆ ಹೋಗಿ ಯಾವುದೋ ಪೋರ್ಟ್ ಓಪನ್ ಮಾಡಿ ಹೋದ. ಹತ್ತು ನಿಮಿಷದ ಕೆಲಸ. ಈಗ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ರೆ "ಲೈನ್ ಚೆನ್ನಾಗಿದೆ ಸರ್, ಸ್ಪೀಡ್ ಬರ್ತಿದೆ" ಅಂತಾರೆ. ಅದರ ಜೊತೆಗೆ ತಿಂಗಳಿಗೆ ಇಷ್ಟು ಅಂತ ಸೆಕ್ಯೂರಿಟಿ ಪ್ಯಾಕ್ ಹಾಕಿಸ್ಕೊಳ್ಳಿ ಅಂತಿದಾರೆ.

ಪೋರ್ಟ್ ತೆಗೆದೋರೇ ಅವರು. ಅವರಿಗೆ ಇದರಲ್ಲಿ ಏನೂ ಜವಾಬ್ದಾರಿ ಇಲ್ವಾ? ಆ ಪ್ಯಾಕ್ ತಗೋಬೇಕಾ? ಮನೆಗೂ ಅವರದೇ ಲೈನ್, ಮಗಳು ಅದರಲ್ಲೇ ಓದ್ತಾಳೆ. ತಿಳಿದೋರು ಹೇಳಿ.

ಪ್ಯಾಕೆಟ್_ಬೆಂಗಳೂರು:

ಅಣ್ಣ, ಮೊದಲು ಇದಿಷ್ಟು ಮಾಡಿ, ಆಮೇಲೆ ತಪ್ಪು ಯಾರದು ಅಂತ ನೋಡೋಣ. ಆ ಕಂಪ್ಯೂಟರಿನ ನೆಟ್ ಕೇಬಲ್ ಕಿತ್ತುಬಿಡಿ. ಉಳಿದ ಮೂರಕ್ಕೂ ಹಾಗೇ ಮಾಡಿ. ಫಾರ್ಮ್ಯಾಟ್ ಮಾಡಿಸಬೇಡಿ. ಕಂಪ್ಯೂಟರ್ ಅಂಗಡಿಯವರು ಮೊದಲು ಹೇಳೋದೇ ಅದು, ಒಪ್ಪಬೇಡಿ. ಹಾರ್ಡ್ ಡಿಸ್ಕ್ ತೆಗೆಸಿ ಹಾಗೇ ಇಡಿ, ಹೊಸ ಡಿಸ್ಕ್ ಹಾಕಿ ಕೆಲಸ ಶುರು ಮಾಡಿ. ಯಾಕೆಂದ್ರೆ ಇವತ್ತು ಬಿಡಿಸೋಕಾಗದ ಫೈಲಿಗೆ ಮುಂದೆ ಕೀಲಿ ಸಿಗಬಹುದು. ಯುರೋಪೋಲ್, ನೆದರ್ಲೆಂಡ್ಸ್ ಪೊಲೀಸರು ಮತ್ತು ಎರಡು ಆಂಟಿವೈರಸ್ ಕಂಪನಿ ಸೇರಿ 2016ರಲ್ಲಿ ನೋ ಮೋರ್ ರಾನ್ಸಮ್ ಅಂತ ಒಂದು ತಾಣ ಶುರು ಮಾಡಿದಾರೆ, ಅಲ್ಲಿ ಕೆಲವು ಜಾತಿಯ ರಾನ್ಸಮ್‌ವೇರ್‌ಗೆ (ಹೀಗೆ ಫೈಲಿಗೆ ಬೀಗ ಹಾಕಿ ದುಡ್ಡು ಕೇಳೋ ವೈರಸ್) ಪುಕ್ಕಟೆ ಕೀಲಿ ಇದೆ. ಲಾಕ್ ಆದ ಒಂದು ಫೈಲು, ಆ ನೋಟ್‌ಪ್ಯಾಡ್ ಚೀಟಿ ಎರಡನ್ನೂ ಅಲ್ಲಿ ಹಾಕಿದ್ರೆ ಯಾವ ಜಾತಿ ಅಂತ ಹೇಳುತ್ತೆ. ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿ. ಸೈಬರ್ ದಾಳಿ ನೋಡ್ಕೊಳ್ಳೋ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್‌ಗೂ ಇಮೇಲ್ ಮಾಡಿ. 2022ರ ಏಪ್ರಿಲ್ 28ರ ಅವರ ನಿರ್ದೇಶನದ ಪ್ರಕಾರ ಇಂಥದ್ದು ಗೊತ್ತಾದ 6 ಗಂಟೆಯೊಳಗೆ ತಿಳಿಸಬೇಕಿತ್ತು. ತಡ ಆಗಿದೆ, ಆದರೂ ಕಳಿಸಿ. ದುಡ್ಡು ಮಾತ್ರ ಕಳಿಸಬೇಡಿ.

ಇನ್ನು ನಡೆದದ್ದು. ಆ ಹುಡುಗ ತೆಗೆದದ್ದು 3389 ಆಗಿರುತ್ತೆ, ವಿಂಡೋಸ್ ಕಂಪ್ಯೂಟರನ್ನ ದೂರದಿಂದ ನಡೆಸೋ ರಿಮೋಟ್ ಡೆಸ್ಕ್‌ಟಾಪ್ ಪೋರ್ಟ್. ಸ್ಟ್ಯಾಟಿಕ್ ಐಪಿ ತಗೊಳ್ಳೋ ಮುಂಚೆ ನೀವು ಬಹುಶಃ ಸಿಜಿ-ನ್ಯಾಟ್ ಹಿಂದೆ ಇದ್ರಿ, ಅಂದ್ರೆ ಹಲವು ಗಿರಾಕಿಗಳಿಗೆ ಹೊರಗೆ ಒಂದೇ ವಿಳಾಸ. ಹಳೇ ವಠಾರ ನೆನಪು ಮಾಡ್ಕೊಳ್ಳಿ, ಒಳಗೆ ಹತ್ತು ಮನೆ, ಬೀದಿಗೆ ಒಂದೇ ಗೇಟು. ಬೀದೀಲಿ ಹೋಗೋನಿಗೆ ನಿಮ್ಮ ಮನೆ ಬಾಗಿಲು ಕಾಣಲ್ಲ. ನೆಟ್ ಕಂಪನಿಯವರು ಇದನ್ನ ಮಾಡೋದು ನಿಮ್ಮ ರಕ್ಷಣೆಗಲ್ಲ, ಐಪಿವಿ4 ಅನ್ನೋ ಹಳೇ ಮಾದರಿಯ ಇಂಟರ್ನೆಟ್ ವಿಳಾಸ ಸಾಲದೇ ಇರೋದಕ್ಕೆ. ಆದ್ರೂ ಅದರ ನೆರಳು ನಿಮಗೆ ಸಿಗ್ತಿತ್ತು. ಸ್ಟ್ಯಾಟಿಕ್ ಐಪಿ ಅಂದ್ರೆ ಬೀದಿಗೆ ನೇರ ಬಾಗಿಲು ಒಡೆಸಿದ ಹಾಗೆ, ಪೋರ್ಟ್ 3389 ಅಂದ್ರೆ ಆ ಬಾಗಿಲಿನ ಚಿಲಕ ತೆಗೆದ ಹಾಗೆ. ಇಡೀ ಇಂಟರ್ನೆಟ್ಟನ್ನ ವಿಳಾಸದ ಮೇಲೆ ವಿಳಾಸ ತಟ್ಟಿ ನೋಡ್ತಾ ಹೋಗೋ ಯಂತ್ರಗಳು ಹಗಲು ರಾತ್ರಿ ಓಡ್ತಿರ್ತವೆ. ತೆರೆದದ್ದು ಸಿಕ್ಕಿದ ಕೂಡಲೇ ಪಾಸ್‌ವರ್ಡ್ ಒಂದೊಂದಾಗಿ ಹಾಕಿ ನೋಡ್ತವೆ. ನಿಮ್ಮ ವಿಂಡೋಸ್ ಪಾಸ್‌ವರ್ಡ್ ಮಂಡಿ ಹೆಸರು ಮತ್ತು 123 ಆಗಿದ್ರೆ ಅವುಗಳಿಗೆ ಎಷ್ಟು ಹೊತ್ತು ಬೇಕು ಹೇಳಿ.

ಸೆಕ್ಯೂರಿಟಿ ಪ್ಯಾಕ್ ಬಗ್ಗೆ. ಸಾಮಾನ್ಯವಾಗಿ ಅದರಲ್ಲಿ ಇರೋದು ಕೆಟ್ಟ ವೆಬ್‌ಸೈಟ್ ತಡೆಯೋ ಡಿಎನ್‌ಎಸ್ (ಸೈಟಿನ ಹೆಸರಿಗೆ ಅದರ ವಿಳಾಸ ಹುಡುಕಿಕೊಡೋ ವ್ಯವಸ್ಥೆ) ಫಿಲ್ಟರ್, ಜೊತೆಗೊಂದು ಆಂಟಿವೈರಸ್. ಎರಡೂ ನೀವು ಹೊರಗೆ ಹೋಗೋವಾಗ ಕಾಯ್ತವೆ. ಹೊರಗಿನಿಂದ 3389ಕ್ಕೆ ಬಂದವನನ್ನ ಆ ಫಿಲ್ಟರ್ ನೋಡೋದೇ ಇಲ್ಲ. ಅಡ್ಮಿನ್ ಆಗಿ ಒಳಗೆ ಬಂದವನು ಆಂಟಿವೈರಸ್ಸನ್ನ ತಾನೇ ಆಫ್ ಮಾಡ್ತಾನೆ. ಈಗ ಅದಕ್ಕೆ ದುಡ್ಡು ಹಾಕಬೇಡಿ, ಅದೇ ದುಡ್ಡಲ್ಲಿ ಬ್ಯಾಕಪ್‌ಗೆ ಎರಡು ಹಾರ್ಡ್ ಡಿಸ್ಕ್ ತಗೊಳ್ಳಿ.

ಲೆಕ್ಕಪತ್ರ_ಮೈಸೂರು:

ನಾನೂ ಆ ಆಡಿಟರ್ ವೃತ್ತಿಯವನೇ. ಮಂಡಿಯವರು ನೆಟ್ ಕಂಪನಿಯನ್ನು ಕೇಳುತ್ತಿದ್ದಾರೆ, ಆದರೆ ಮೊದಲ ಪ್ರಶ್ನೆ ನಮಗೆ ಬರಬೇಕು. ಕ್ಲೈಂಟ್‌ಗಳಿಗೆ ರಿಮೋಟ್ ಕೊಡಿ ಎನ್ನುವವರು ನಾವು, ಅದನ್ನು ಹೇಗೆ ಕೊಡಬೇಕೆಂದು ಒಂದು ದಿನವೂ ಹೇಳಿದವರಲ್ಲ. ಇದನ್ನು ಓದಿದ ಮೇಲೆ ನನ್ನ ಒಂಬತ್ತು ಕ್ಲೈಂಟ್‌ಗಳಿಗೆ ಫೋನ್ ಮಾಡಿದೆ. ಮೂವರದು ಹೀಗೇ ತೆರೆದಿತ್ತು, ಮುಚ್ಚಿಸಿದ್ದೇನೆ.

ಫೈಬರ್_ತೀರ್ಥಹಳ್ಳಿ:

ನಾನು ಆ ಕಡೆಯವನು, ಅಂದ್ರೆ ಫ್ರಾಂಚೈಸಿ ತಗೊಂಡು ಲೈನ್ ಕೊಡೋನು. ಕಂಪನಿ ಹೆಸರು ಬೇಡ. 400 ಚಿಲ್ಲರೆ ಕನೆಕ್ಷನ್, ಇಬ್ಬರು ಹುಡುಗರು. ಮಂಡಿಯವರಿಗೆ ಆದದ್ದು ಕೇಳಿ ನಿಜವಾಗಿ ಬೇಜಾರಾಯ್ತು. ನಮ್ಮ ಹುಡುಗ್ರೂ ಹೀಗೇ ಪೋರ್ಟ್ ತೆಗೆದು ಬಂದಿದ್ದಾರೆ.

ನಮ್ಮಲ್ಲಿ ಏನಾಗ್ತದೆ ಹೇಳ್ತೇನೆ. ಏಪ್ರಿಲ್-ಮೇ ಸಿಡಿಲಿನ ಹೊತ್ತು. ಫೈಬರ್‌ನಲ್ಲಿ ಕರೆಂಟ್ ಬರೋದಿಲ್ಲ, ಅಡಾಪ್ಟರ್ ದಾರೀಲಿ ಬರ್ತದೆ. ಒಂದು ಸಂಜೆ ಜೋರು ಸಿಡಿಲಾದ್ರೆ ಬೆಳಗಾಗೋದ್ರೊಳಗೆ ಇಪ್ಪತ್ತು ಮನೆಯಿಂದ ಫೋನು, ಡಬ್ಬದಲ್ಲಿ ಲೈಟೇ ಇಲ್ಲ ಅಂತ. ಹುಡುಗ ಬೈಕಿನ ಹಿಂದೆ ಚೀಲದಲ್ಲಿ ಹತ್ತು ಒಎನ್‌ಟಿ, ಅಂದ್ರೆ ಮನೇಲಿರೋ ಫೈಬರ್ ಡಬ್ಬ, ಹಾಕ್ಕೊಂಡು ಹೋಗ್ತಾನೆ. ಎಲ್ಲದಕ್ಕೂ ಆಫೀಸಲ್ಲೇ ಒಂದೇ ಸೆಟ್ಟಿಂಗ್ ತುಂಬಿಸಿಟ್ಟಿರ್ತೇವೆ. ಸೂಪರ್ ಅಡ್ಮಿನ್ ಪಾಸ್‌ವರ್ಡ್ ಒಂದೇ, ವೈ-ಫೈ ಪಾಸ್‌ವರ್ಡ್ ಗಿರಾಕಿ ಫೋನ್ ನಂಬರ್. ಬೇರೆ ಬೇರೆ ಇಟ್ರೆ ಮಳೇಲಿ, ಗುಡ್ಡದ ಮೇಲೆ, ಸಿಗ್ನಲ್ ಇಲ್ಲದ ಕಡೆ ಆ ಹುಡುಗ ಯಾರನ್ನ ಕೇಳೋದು? ಮಾಡಿದ್ದು ಸರಿ ಅಂತ ಹೇಳ್ತಿಲ್ಲ. ಅದು ಹೀಗೆ ಶುರುವಾಗಿದ್ದು ಅಂತ ಮಾತ್ರ.

ಗಿರಾಕಿಗೆ ನಾವು ಆ ಸೂಪರ್ ಅಡ್ಮಿನ್ ಕೊಡೋದಿಲ್ಲ. ನೀವು ಅಡ್ಮಿನ್ ಪಾಸ್‌ವರ್ಡ್ ಬದಲಿಸಿದ್ರೂ ಬದಲಾಗೋದು ನಿಮ್ಮ ಸಣ್ಣ ಕೀಲಿ. ದೊಡ್ಡ ಕೀಲಿ ನಮ್ಮ ಹತ್ರ, ನಮ್ಮನ್ನ ಬಿಟ್ಟುಹೋದ ಹುಡುಗರ ತಲೇಲೂ ಉಂಟು. ಅದನ್ನ ನೆನೆಸಿಕೊಂಡ್ರೆ ನಿದ್ದೆ ಬರೋದಿಲ್ಲ.

ಪ್ಯಾಕೆಟ್_ಬೆಂಗಳೂರು:

ಮಾರಾಯ್ರೇ, ಇಷ್ಟು ಬಿಚ್ಚಿ ಹೇಳಿದ್ದಕ್ಕೆ ಕೈಮುಗಿದೆ. ನಿಮ್ಮ ಕಡೆಯೋರು ಯಾರೂ ಇದನ್ನ ಹೇಳಲ್ಲ.

ಇದು ನಮ್ಮ ರಾಜ್ಯದಲ್ಲೇ ಒಂದು ಸಲ ದೊಡ್ಡದಾಗಿ ನಡೆದಿದೆ. 2017ರ ಜುಲೈ ಕೊನೇಲಿ ಬಿಎಸ್‌ಎನ್‌ಎಲ್ ಕರ್ನಾಟಕ ವಲಯದಲ್ಲಿ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳಿಗೆ ಮಾಲ್‌ವೇರ್ ಬಿತ್ತು. ಯೂಸರ್ ಹೆಸರೂ ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್ ಅಂತ ಬಿಟ್ಟಿದ್ದ ಸುಮಾರು 60,000 ಮೋಡೆಮ್ ತೊಂದರೆಗೆ ಸಿಕ್ಕಿದವು ಅಂತ ಆಗ ಪತ್ರಿಕೆಗಳಲ್ಲಿ ಬಂತು. ಬ್ರಿಕರ್‌ಬಾಟ್ ಅನ್ನೋ, ಡಬ್ಬಗಳನ್ನ ಕೆಲಸಕ್ಕೆ ಬಾರದ ಹಾಗೆ ಮಾಡೋ ಮಾಲ್‌ವೇರ್ ಬರೆದವನೇ ಇದು ತನ್ನ ಕೆಲಸ ಅಂತ ಹೇಳಿಕೊಂಡ. ಸಂಸ್ಥೆ ಹೇಳಿದ್ದು: ನಮ್ಮ ಮುಖ್ಯ ಜಾಲಕ್ಕೆ ಏನೂ ಆಗಿಲ್ಲ, ಗ್ರಾಹಕರು ಪಾಸ್‌ವರ್ಡ್ ಬದಲಿಸಿಕೊಳ್ಳಿ. ಆ ಮಾತಲ್ಲಿ ಸುಳ್ಳಿಲ್ಲ. ನೆಟ್ ಕೊಡೋರು ತಮ್ಮದು ಅಂತ ತಿಳ್ಕೊಂಡಿರೋದು ಆ ಮುಖ್ಯ ಜಾಲ. ಮನೇಲಿರೋ ಡಬ್ಬಕ್ಕೆ ಬಾಡಿಗೆ ತಗೊಳ್ಳೋವಾಗ ಅದು ಅವರದು, ಅದಕ್ಕೆ ಏನಾದ್ರೂ ಆದಾಗ ನಿಮ್ಮದು. ನನ್ನ ತಕರಾರು ಇರೋದು ಇದೊಂದರ ಮೇಲೆ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಎಲ್ಲ ಡಬ್ಬಕ್ಕೂ ಒಂದೇ ಡೀಫಾಲ್ಟ್ ಪಾಸ್‌ವರ್ಡ್ ಇಟ್ಟು ಮಾರೋದೇ ಕಾನೂನು ಬಾಹಿರ. ಕ್ಯಾಲಿಫೋರ್ನಿಯಾದಲ್ಲಿ 2020ರ ಜನವರಿಯಿಂದಲೇ ಅಂಥ ಕಾನೂನಿದೆ.

ಟೀಚರ್_ಪುತ್ತೂರು:

ನಮ್ಮದು ವ್ಯಾಪಾರ ಅಲ್ಲ, ಬರೀ ಮನೆ. ಆದ್ರೂ ಬರೀತೇನೆ, ಯಾರಿಗಾದ್ರೂ ಉಪಯೋಗ ಆದೀತು.

ಎರಡು ವರ್ಷದ ಹಿಂದೆ ಮಗನ ಟ್ಯಾಬ್‌ನಲ್ಲಿ ಎಲ್ಲಿ ಮುಟ್ಟಿದ್ರೂ ಹೊಲಸು ಜಾಹೀರಾತು. ಅವನೇ ಏನೋ ಡೌನ್‌ಲೋಡ್ ಮಾಡಿದ್ದಾನೆ ಅಂತ ಹೇಳಿ ಎರಡು ಪೆಟ್ಟು ಕೊಟ್ಟೆ. ಮಾರನೇ ದಿನ ನನ್ನ ಫೋನಲ್ಲೂ ಅದೇ, ಟಿವಿಯಲ್ಲೂ ಅದೇ. ವೈ-ಫೈ ಆಫ್ ಮಾಡಿ ಮೊಬೈಲ್ ಡೇಟಾ ಹಾಕಿದ್ರೆ ಒಂದೂ ಇಲ್ಲ. ಆಗ ನನಗೆ ಹೊಳೆಯಿತು, ತಪ್ಪು ಮಗನದ್ದಲ್ಲ, ಆ ಡಬ್ಬದ್ದು. ಲೈನ್‌ನ ಹುಡುಗ ಬಂದು 192.168.1.1 ಹಾಕಿ ಒಳಗೆ ತೋರಿಸಿದ. ಡಿಎನ್‌ಎಸ್ ಅಂತ ಇರುವಲ್ಲಿ ಎರಡು ನಂಬರ್ ಇತ್ತು, ಅದು ನಮ್ಮದಲ್ಲ ಟೀಚರೇ ಅಂದ. ರೀಸೆಟ್ ಮಾಡಿದ, ಸರಿ ಆಯ್ತು. ಒಂಬತ್ತು ದಿನಕ್ಕೆ ಮತ್ತೆ ಅದೇ. ಯಾಕೆ ಅಂದ್ರೆ ರೀಸೆಟ್ ಮಾಡಿದಾಗ ಪಾಸ್‌ವರ್ಡ್ ಮತ್ತೆ ಅಡ್ಮಿನ್‌ಗೇ ಹೋಗಿತ್ತು. ಹೊರಗಿನಿಂದ ಲಾಗಿನ್ ಆಗುವ ಆಯ್ಕೆಯೂ ಆನ್ ಇತ್ತು. ಎರಡನೇ ಸಲ ನಾನೇ ಪಕ್ಕದಲ್ಲಿ ಕೂತು ಎರಡನ್ನೂ ಬದಲಿಸಿಸಿದೆ. ಮಗನ ಹತ್ರ ತಪ್ಪಾಯ್ತು ಅಂತ ಹೇಳಿದ್ದೇನೆ. ಅವನಿಗೆ ಮರೆತುಹೋಗಿದೆ, ನನಗೆ ಮರೆತಿಲ್ಲ.

ನನ್ನ ಪ್ರಶ್ನೆ ಇಷ್ಟು. ಲೈನ್‌ನವರಿಗೆ ಇದು ದೂರದಿಂದಲೇ ಕಾಣ್ತದೆ ಅಲ್ವಾ? ನಾವು ಹೇಳುವವರೆಗೆ ಯಾಕೆ ಕಾಯಬೇಕು?

ಪ್ಯಾಕೆಟ್_ಬೆಂಗಳೂರು:

ಕಾಣುತ್ತೆ ಮೇಡಂ, ನೋಡಿದ್ರೆ. ನಿಮ್ಮ ಮನೆಯಿಂದ ಹೋಗೋ ಡಿಎನ್‌ಎಸ್ ಪ್ರಶ್ನೆಗಳೆಲ್ಲ ಗುರುತಿಲ್ಲದ ಒಂದೇ ಸರ್ವರಿಗೆ ಹೋಗ್ತಿವೆ ಅಂತ ಅವರ ಕಡೆ ಗೊತ್ತಾಗುತ್ತೆ. ಬ್ರೆಜಿಲ್‌ನಲ್ಲಿ 2011ರಿಂದ ಹೀಗೇ 45 ಲಕ್ಷ ಡಿಎಸ್‌ಎಲ್ ಮೋಡೆಮ್‌ಗಳ ಡಿಎನ್‌ಎಸ್ ಬದಲಿಸಿ ಜನರನ್ನ ನಕಲಿ ಬ್ಯಾಂಕ್ ಪುಟಗಳಿಗೆ ಕಳಿಸಿದ್ರು. ನಮ್ಮಲ್ಲಿ 2017ರ ಫೆಬ್ರವರಿಯಿಂದ ಸರ್ಟ್-ಇನ್‌ನ ಸೈಬರ್ ಸ್ವಚ್ಛತಾ ಕೇಂದ್ರ ಇದೆ. ಸೋಂಕು ತಗುಲಿದ ಐಪಿ ಪಟ್ಟಿ ನೆಟ್ ಕಂಪನಿಗಳಿಗೆ ಹೋಗುತ್ತೆ, ಅವರು ಗ್ರಾಹಕರಿಗೆ ಹೇಳಬೇಕು. ಸಿಜಿ-ನ್ಯಾಟ್ ಇರೋ ಕಡೆ ಒಂದೇ ಐಪಿ ಹಿಂದೆ ನೂರಾರು ಮನೆ ಇರೋದ್ರಿಂದ ಯಾವ ಮನೆ ಅಂತ ಹುಡುಕೋಕೆ ದಾಖಲೆ ತೆಗೀಬೇಕು. ಅಷ್ಟು ಕೆಲಸ ಯಾರು ಮಾಡ್ತಾರೆ ಅನ್ನೋದೇ ಪ್ರಶ್ನೆ.

ಗದಗ_ಹುಡುಗ:

ನಾ ಒಂದು ಬ್ಯಾರೆ ಮಾತು ಹೇಳ್ತೀನ್ರಿ, ಸಿಟ್ಟಾಗಬ್ಯಾಡ್ರಿ. ಇನ್ನ ಮುಂದ ಎಲ್ಲಾರೂ ಸ್ವಂತ ರೂಟರ್ ತಗೋರಿ ಅಂತ ಹೇಳ್ತೀರಿ, ನನಗ ಗೊತ್ತೈತಿ. 2018ರ ಮೇ ತಿಂಗಳದಾಗ ವಿಪಿಎನ್‌ಫಿಲ್ಟರ್ ಅನ್ನೂ ಮಾಲ್‌ವೇರ್ ಸುದ್ದಿ ಬಂತು, 54 ದೇಶದಾಗ ಕಮ್ಮೀತಕಮ್ಮಿ 5 ಲಕ್ಷ ಡಿವೈಸ್ ಒಳಗ ಹೊಕ್ಕಿತ್ತು. ಯಾವ ಕಂಪನೀವು? ಲಿಂಕ್‌ಸಿಸ್, ನೆಟ್‌ಗಿಯರ್, ಟಿಪಿ-ಲಿಂಕ್, ಮೈಕ್ರೋಟಿಕ್. ಜನ ತಾವ ಅಂಗಡ್ಯಾಗ ಕೊಂಡು ತಂದು ಹಚ್ಚೂವಂಥಾವು. ಎಲ್ಲಾರೂ ಒಮ್ಮೆ ರೀಬೂಟ್ ಮಾಡ್ರಿ ಅಂತ ಎಫ್‌ಬಿಐದವರು ಹೇಳಬೇಕಾತು. ಕೊಂಡು ತಂದ ದಿನ ಎಷ್ಟು ಛಲೋ ಇದ್ರೇನು, ಮೂರು ವರ್ಷ ಅಪ್‌ಡೇಟ್ ಮಾಡಲಿಲ್ಲ ಅಂದ್ರ ಅದೂ ಅಷ್ಟ.

ನಮ್ಮ ಅವ್ವ-ಅಪ್ಪ ಗದಗದಾಗ ಇಬ್ಬರ ಇರ್ತಾರ. ನಾ ಪುಣೆದಾಗ. ಅಪ್ಪಗ 71 ವರ್ಷ. ಡಬ್ಬದಾಗ ಸಿಗ್ನಲ್ ಹೋಗೇತಿ ಅಂತ ತೋರಸೂ ಲಾಸ್ ಲೈಟ್ ಕೆಂಪಾದ್ರ ಫೋನ್ ಮಾಡೂದು ಅಷ್ಟ ಅವರಿಗೆ ಗೊತ್ತು. ಅಂಥಾ ಮನಿಗೆ ಕಂಪನಿಯವರು ದೂರದಿಂದ ಅಪ್‌ಡೇಟ್ ಹಾಕೂದು ಛಲೋ ಅಲ್ಲೇನ್ರಿ? ದೊಡ್ಡ ಕೀಲಿ ಅವರ ಕೈಯಾಗ ಐತಿ ಅಂತ ಅಂಜತೀರಿ, ಆ ಕೀಲಿ ಇಲ್ಲಾಂದ್ರ ನಮ್ಮ ಅಪ್ಪನ ರೂಟರ್‌ಗೆ ಯಾರು ಪ್ಯಾಚ್ ಹಾಕ್ತಾರ?

ಸ್ಟುಟ್‌ಗಾರ್ಟ್_ಕನ್ನಡಿಗ:

ಗದಗದವರ ಮಾತಲ್ಲಿ ತೂಕ ಇದೆ. ಇಲ್ಲಿ ಜರ್ಮನಿಯಲ್ಲಿ ನಡೆದದ್ದು ಅದಕ್ಕೆ ಎರಡೂ ಕಡೆಯಿಂದ ಉತ್ತರ ಕೊಡುತ್ತದೆ.

ದೂರದಿಂದ ನಿರ್ವಹಿಸುವ ಆ ವ್ಯವಸ್ಥೆಯ ಹೆಸರು ಟಿಆರ್-069, ಪೋರ್ಟ್ 7547. ಅದು ಕಂಪನಿಯ ಸರ್ವರ್‌ಗೆ ಮಾತ್ರ ಕಿವಿಗೊಡಬೇಕು. 2016ರ ನವೆಂಬರ್ 27, ಭಾನುವಾರ. ಮಿರಾಯ್ ಎಂಬ ಮಾಲ್‌ವೇರ್‌ನ ಒಂದು ಹೊಸ ತಳಿ ಇಡೀ ಇಂಟರ್ನೆಟ್‌ನಲ್ಲಿ 7547 ತಟ್ಟುತ್ತಾ ಬಂತು. ಡಾಯ್ಚ ಟೆಲಿಕಾಮ್‌ನ ಸುಮಾರು 9 ಲಕ್ಷ ಗ್ರಾಹಕರ ರೂಟರ್‌ಗಳು ಬಿದ್ದುಹೋದವು. ಅವುಗಳಿಗೆ ಸೋಂಕು ತಗುಲಲಿಲ್ಲ, ತಟ್ಟಿದ ಏಟಿಗೆ ಕುಸಿದವು ಅಷ್ಟೇ. ಕಂಪನಿ ಬೇಗನೆ ಹೊಸ ಫರ್ಮ್‌ವೇರ್ (ರೂಟರ್ ಒಳಗಿನ ತಂತ್ರಾಂಶ) ಬಿಟ್ಟಿತು, ಪ್ಲಗ್ ತೆಗೆದು ಮತ್ತೆ ಹಾಕಿ ಎಂದಿತು. ಬಹುತೇಕರ ನೆಟ್ ವಾಪಸ್ ಬಂತು. ಬಾಗಿಲು ತೆರೆದಿಟ್ಟದ್ದೂ ಅವರೇ, ರಿಪೇರಿ ಕಳಿಸಿದ್ದೂ ಅವರೇ.

ಎಲ್ಲ ಸಲವೂ ಹಾಗಾಗುವುದಿಲ್ಲ. 2023ರ ಅಕ್ಟೋಬರ್ 25ರಿಂದ ಮೂರು ದಿನದಲ್ಲಿ ಅಮೆರಿಕದ ಒಂದೇ ಕಂಪನಿಯ 6 ಲಕ್ಷಕ್ಕೂ ಹೆಚ್ಚು ರೂಟರ್‌ಗಳು ಶಾಶ್ವತವಾಗಿ ಸತ್ತವು. ಒಂದೊಂದನ್ನೂ ಬದಲಿಸಿ ಕೊಡಬೇಕಾಯಿತು. ಲುಮೆನ್ ಸಂಸ್ಥೆಯ ಸಂಶೋಧಕರು 2024ರ ಮೇನಲ್ಲಿ ವರದಿ ಹೊರತಂದಾಗಲೂ ಆ ಕಂಪನಿಯ ಹೆಸರು ಹಾಕಲಿಲ್ಲ. ಒಂದೇ ಕಂಪನಿ, ಕೆಲವೇ ಮಾದರಿ, ಒಂದೇ ಥರದ ಸೆಟ್ಟಿಂಗ್. ತೀರ್ಥಹಳ್ಳಿಯವರ ಬೈಕಿನ ಚೀಲ ಓದುವಾಗ ನನಗೆ ನೆನಪಾದದ್ದು ಇದು.

ಇಲ್ಲಿ ಒಂದು ಅನುಕೂಲ ಇದೆ. 2016ರ ಆಗಸ್ಟ್ 1ರಿಂದ ಯಾವ ರೂಟರ್ ಹಾಕಿಕೊಳ್ಳಬೇಕು ಎನ್ನುವುದು ಗ್ರಾಹಕನ ಹಕ್ಕು, ಕಂಪನಿ ಲಾಗಿನ್ ವಿವರ ಕೊಡಲೇಬೇಕು. ಊರಲ್ಲಿ ಅಣ್ಣನ ಮನೆಗೆ ಸ್ವಂತ ರೂಟರ್ ಹಾಕಲು ಹೋದಾಗ ಬ್ರಿಡ್ಜ್ ಮೋಡ್ (ಕಂಪನಿಯ ಡಬ್ಬ ಬರೀ ಲೈನ್ ದಾಟಿಸಿ, ರೂಟರ್ ಕೆಲಸ ನಮ್ಮದಕ್ಕೆ ಬಿಡುವುದು) ಮಾಡಿಕೊಡಿ ಎಂದು ಕೇಳಿ ಕೇಳಿ ಸಾಕಾಯಿತು.

ಫೈಬರ್_ತೀರ್ಥಹಳ್ಳಿ:

ಬ್ರಿಡ್ಜ್ ಮಾಡಿಕೊಟ್ಟ ಮೇಲೆ ಪಿಪಿಪಿಒಇ ಪಾಸ್‌ವರ್ಡ್, ಅಂದ್ರೆ ನಮ್ಮ ಲೈನ್‌ಗೆ ಲಾಗಿನ್ ಆಗೋದು, ಗಿರಾಕಿ ರೂಟರಲ್ಲಿ ಇರ್ತದೆ. ನೆಟ್ ಹೋದಾಗ ಅದು ನಮ್ಮ ತಪ್ಪಾ ಅವರ ರೂಟರ್ ತಪ್ಪಾ ಅಂತ ಇಲ್ಲಿಂದ ಗೊತ್ತಾಗೋದಿಲ್ಲ. ಅದಕ್ಕೇ ಒಲ್ಲೆ ಅಂತೇವೆ. ಆದ್ರೆ ಬ್ರಿಡ್ಜ್ ಕೊಡದಿದ್ರೂ ತೊಂದ್ರೆ ಇಲ್ಲ. ನಮ್ಮ ಡಬ್ಬದ ಲ್ಯಾನ್ ಪೋರ್ಟಿಂದ ಒಂದು ಕೇಬಲ್ ಎಳೆದು ನಿಮ್ಮ ರೂಟರಿನ ವ್ಯಾನ್‌ಗೆ ಹಾಕಿ, ನಮ್ಮ ಡಬ್ಬದ ವೈ-ಫೈ ಆಫ್ ಮಾಡಿ. ಡಬಲ್ ನ್ಯಾಟ್ ಆಗ್ತದೆ, ಅಂದ್ರೆ ವಿಳಾಸ ಎರಡು ಸಲ ಬದಲಾಗ್ತದೆ, ಗೇಮ್ ಆಡೋ ಮಕ್ಕಳು ಸ್ವಲ್ಪ ಗೊಣಗಬಹುದು. ನಮ್ಮ ದೊಡ್ಡ ಕೀಲಿ ಯಾರ ಕೈಗೆ ಸಿಕ್ಕಿದ್ರೂ ಅವರು ನಿಲ್ಲೋದು ಜಗುಲಿ ಮೇಲೆ, ನಡುಮನೆಗೆ ಬರೋಕೆ ಇನ್ನೊಂದು ಬಾಗಿಲು ದಾಟಬೇಕು.

ಗದಗ_ಹುಡುಗ:

ಇದು ನಮ್ಮ ಅಪ್ಪಗೂ ನಡೀತೈತಿ ಬಿಡ್ರಿ. ಆಟೋ ಅಪ್‌ಡೇಟ್ ಇರೂದು ನೋಡಿ ಒಂದು ತಗೊಂಡು, ಮುಂದಿನ ಸಲ ಊರಿಗೆ ಹೋದಾಗ ಹಚ್ಚಿ ಬರ್ತೀನಿ.

ಟೀಚರ್_ಪುತ್ತೂರು:

ಇನ್ನೊಂದು ಕೇಳ್ತೇನೆ, ಕ್ಷಮಿಸಿ. ನಾವು ಯಾವ ಪುಟ ನೋಡ್ತೇವೆ ಅಂತ ಲೈನ್‌ನವರಿಗೆ ಗೊತ್ತಾಗ್ತದಾ?

ಪ್ಯಾಕೆಟ್_ಬೆಂಗಳೂರು:

ಯಾವ ಸೈಟ್ ಅಂತ ಬಹುತೇಕ ಗೊತ್ತಾಗುತ್ತೆ, ಎಚ್‌ಟಿಟಿಪಿಎಸ್ (ಮಾಹಿತಿಯನ್ನ ಬೇರೆಯವರು ಓದೋಕಾಗದ ಹಾಗೆ ಬದಲಿಸಿ ಕಳಿಸೋ ಸಂಪರ್ಕ) ಇದ್ರೆ ಒಳಗೆ ಏನು ಓದಿದ್ರಿ ಅಂತ ಗೊತ್ತಾಗಲ್ಲ. ಹಿಂದೆ ಹೀಗಿರಲಿಲ್ಲ. 2015ರ ಜೂನ್‌ನಲ್ಲಿ ಬೆಂಗಳೂರಿನ ಒಬ್ಬ ಪ್ರೋಗ್ರಾಮರ್ ತಮ್ಮ ಬ್ಲಾಗ್ ಪುಟವನ್ನ ಏರ್‌ಟೆಲ್ 3ಜಿಯಲ್ಲಿ ತೆರೆದಾಗ ತಾನು ಬರೆಯದ ಒಂದು ಸ್ಕ್ರಿಪ್ಟ್ ಅದರೊಳಗೆ ಇರೋದನ್ನ ಕಂಡ್ರು. ಗ್ರಾಹಕರಿಗೆ ಡೇಟಾ ಬಳಕೆ ತಿಳಿಸೋಕೆ ಅಂತ ಕಂಪನಿ ಹೇಳಿತು. ಬಯಲಿಗೆ ತಂದವರಿಗೆ ಆ ತಂತ್ರಜ್ಞಾನದ ಇಸ್ರೇಲಿ ಕಂಪನಿಯಿಂದ ಲಾಯರ್ ನೋಟಿಸ್ ಹೋಯ್ತು. ಈಗ ಬಹುಪಾಲು ಸೈಟುಗಳು ಎಚ್‌ಟಿಟಿಪಿಎಸ್ ಆಗಿರೋದ್ರಿಂದ ಹಾಗೆ ತುರುಕೋಕೆ ಆಗಲ್ಲ. ನಮ್ಮನ್ನ ಕಾಪಾಡಿದ್ದು ಕಂಪನಿಯ ಒಳ್ಳೆತನ ಅಲ್ಲ ಮೇಡಂ, ಎನ್‌ಕ್ರಿಪ್ಷನ್. ನಿಮ್ಮ ರೂಟರಲ್ಲಿ ಡಿಎನ್‌ಎಸ್ ಜಾಗಕ್ಕೆ 1.1.1.3 ಹಾಕಿ, ಮಾಲ್‌ವೇರ್ ಜೊತೆ ಮಕ್ಕಳಿಗೆ ಆಗದ ಸೈಟುಗಳನ್ನೂ ತಡೆಯುತ್ತೆ, ಪುಕ್ಕಟೆ. ಫೋನ್ ನಂಬರಿನ ವೈ-ಫೈ ಪಾಸ್‌ವರ್ಡ್ ಇನ್ನೂ ಇದ್ರೆ ಇವತ್ತೇ ಬದಲಿಸಿ.

ಮಂಡಿ_ತಿಪಟೂರು:

ಎರಡು ವಾರ ಆಯ್ತು, ಬಂದು ಹೇಳಬೇಕು ಅನ್ನಿಸ್ತು.

ನೋ ಮೋರ್ ರಾನ್ಸಮ್‌ನಲ್ಲಿ ನಮ್ಮ ಜಾತಿಗೆ ಕೀಲಿ ಇಲ್ಲ. ಡಿಸ್ಕ್ ತೆಗೆಸಿ ಬೀರುವಲ್ಲಿ ಇಟ್ಟಿದ್ದೀನಿ. ಪುಣ್ಯಕ್ಕೆ ತಂಗಿ ಮಗ ಮಾರ್ಚ್ ಕೊನೇಲಿ ಒಂದು ಪೆನ್‌ಡ್ರೈವ್‌ಗೆ ಟ್ಯಾಲಿ ಬ್ಯಾಕಪ್ ತೆಗೆದಿದ್ದ, ಅಲ್ಲಿವರೆಗಿನ ಲೆಕ್ಕ ಸಿಕ್ತು. ಆಮೇಲಿನದ್ದನ್ನ ಪಟ್ಟಿ ಪುಸ್ತಕದ ಕಾರ್ಬನ್ ಪ್ರತಿ ನೋಡ್ಕೊಂಡು ನಾನು, ನನ್ನ ಹೆಂಡ್ತಿ, ಗುಮಾಸ್ತರು ಮೂವರೂ ಕೂತು ಟೈಪ್ ಮಾಡ್ತಿದೀವಿ. ಆ ಪುಸ್ತಕ ಬರೆಯೋದು ಬೇಡ, ಕಂಪ್ಯೂಟರ್ ಇದೆಯಲ್ಲ ಅಂತ ಅಪ್ಪನ ಹತ್ರ ಎಷ್ಟೋ ಸಲ ಜಗಳ ಮಾಡಿದ್ದೆ. ಅವರು ಬಿಡಲಿಲ್ಲ.

ನೆಟ್ ಕಂಪನಿಗೆ ಲಿಖಿತವಾಗಿ ಕಳಿಸಿದೆ. ಗ್ರಾಹಕರ ಕೋರಿಕೆ ಮೇರೆಗೆ ಪೋರ್ಟ್ ತೆರೆಯಲಾಗಿದೆ ಅಂತ ಒಂದು ಸಾಲಿನ ಉತ್ತರ ಬಂತು. ಕೋರಿಕೆ ನನ್ನದೇ, ಒಪ್ತೀನಿ. ಆದ್ರೆ ನಾನು ಕೇಳಿದ್ದು ಆಡಿಟರ್‌ಗೆ ಟ್ಯಾಲಿ ಕಾಣಬೇಕು ಅಂತ. ಪೋರ್ಟ್ ಅನ್ನೋ ಪದ ನನಗೆ ಅವತ್ತಿನವರೆಗೆ ಗೊತ್ತೇ ಇರಲಿಲ್ಲ. ಲಾರಿಗೆ ಮಾಲು ತುಂಬಿಸುವಾಗ ಹಗ್ಗ ಸಡಿಲ ಇದ್ರೆ ನಾನು ಡ್ರೈವರ್‌ಗೆ ಹೇಳ್ತೀನಿ, ಲಾರಿ ನಂದಲ್ಲದಿದ್ರೂ ಹೇಳ್ತೀನಿ. ಅಷ್ಟು ಒಂದು ಮಾತು ಆ ಹುಡುಗನಿಂದ ಬರಬೇಕಿತ್ತು ಅಂತ ಈಗಲೂ ನನಗೆ ಅನ್ನಿಸುತ್ತೆ.

ಸ್ಟ್ಯಾಟಿಕ್ ಐಪಿ ಇಟ್ಕೊಂಡಿದ್ದೀನಿ, ವರ್ಷದ ದುಡ್ಡು ಕಟ್ಟಿಯಾಗಿದೆ. ತೀರ್ಥಹಳ್ಳಿಯವರು ಹೇಳಿಕೊಟ್ಟ ಹಾಗೆ ಕಂಪನಿ ಡಬ್ಬದ ಹಿಂದೆ ಸ್ವಂತ ರೂಟರ್ ಹಾಕಿಸಿ, ಆಡಿಟರ್ ಈಗ ವೈರ್‌ಗಾರ್ಡ್ ವಿಪಿಎನ್ ಅನ್ನೋ ಬೀಗ ಹಾಕಿದ ದಾರಿ ಮೂಲಕ ಬರ್ತಾರೆ. ವಾರಕ್ಕೊಂದು ಹಾರ್ಡ್ ಡಿಸ್ಕ್ ಮನೆಗೆ, ಒಂದು ಆಫೀಸಿಗೆ.

ಒಂದು ವಿಷಯ ಮಾತ್ರ ಕೇಳಬೇಕು. ಹಳೇ ಡಬ್ಬದಲ್ಲಿ 3389 ತೆಗೆಯೋಕೆ ಹೋದಾಗ ಅದರ ಕೆಳಗೆ ಇನ್ನೊಂದು ಸಾಲು ಇತ್ತು, 37777 ಅಂತ. ಯಾರು ಹಾಕಿದ್ದು ಅಂತ ಯಾರಿಗೂ ಗೊತ್ತಿಲ್ಲ.

ಫೈಬರ್_ತೀರ್ಥಹಳ್ಳಿ:

ಅದು ಸಿಸಿಟಿವಿ ಡಿವಿಆರ್ (ಕ್ಯಾಮೆರಾ ರೆಕಾರ್ಡ್ ಮಾಡೋ ಪೆಟ್ಟಿಗೆ) ಪೋರ್ಟ್. ಕ್ಯಾಮೆರಾ ಹಾಕಿದವರು ಫೋನಲ್ಲಿ ಕಾಣಲಿ ಅಂತ ಹಾಕಿರ್ತಾರೆ. ಆಗ ನೀವು ಸಿಜಿ-ನ್ಯಾಟ್ ಹಿಂದೆ ಇದ್ದದ್ದಕ್ಕೆ ಅದು ಕೆಲಸ ಮಾಡಿರೋದಿಲ್ಲ, ಬೇರೆ ಆ್ಯಪ್ ಹಾಕಿಕೊಟ್ಟು ಹೋಗಿರ್ತಾರೆ, ಸಾಲು ಹಾಗೇ ಉಳಿದಿದೆ. ಸ್ಟ್ಯಾಟಿಕ್ ಐಪಿ ಬಂದ ದಿನ ಅದಕ್ಕೂ ಜೀವ ಬಂದಿದೆ. ಈಗಲೇ ಅಳಿಸಿ. ಡಿವಿಆರ್ ಪಾಸ್‌ವರ್ಡ್ ಏನಿದೆ ಅಂತ ನೋಡಿ. ಇಲ್ಲಿ ಮಾತ್ರ ಬರೀಬೇಡಿ.

ಮಂಡಿ_ತಿಪಟೂರು:

ಅಳಿಸಿದೆ. ಪಾಸ್‌ವರ್ಡ್ ಕೂಡ ಬದಲಿಸಿದೆ. ಒಂದು ಕ್ಯಾಮೆರಾ ಗಲ್ಲಾಪೆಟ್ಟಿಗೆ ಮೇಲೇ ಇತ್ತು.